ಕೋಟೆ ಬೆಟ್ಟಕ್ಕೆ ಎಷ್ಟು ವಯಸ್ಸು ಅಂತ ಮಕ್ಕಳಿಗೆ ಹೇಳಲಿ?

ದುರ್ಗದ ಮೇಷ್ಟ್ರು:

ನಮಸ್ಕಾರ ಎಲ್ಲರಿಗೂ. ಚಿತ್ರದುರ್ಗದ ಪಕ್ಕದ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಹೋದ ಶನಿವಾರ ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಕೋಟೆಗೆ ಕರೆದುಕೊಂಡು ಹೋಗಿದ್ದೆ. ಓಬವ್ವನ ಕಿಂಡಿ ಆಯಿತು, ಅಕ್ಕ-ತಂಗಿ ಹೊಂಡ ಆಯಿತು. ತುಪ್ಪದ ಕೊಳದ ಮೇಲೆ ಹತ್ತಿ ಎಲ್ಲರೂ ಏದುಸಿರು ಬಿಡುತ್ತಾ ನಿಂತಿದ್ದಾಗ ಒಬ್ಬ ಹುಡುಗಿ ಕೇಳಿದಳು, "ಸಾರ್, ಈ ಬೆಟ್ಟ ಹುಟ್ಟಿ ಎಷ್ಟು ವರ್ಷ ಆಯ್ತು?"

ಗೊತ್ತಿದ್ದದ್ದನ್ನು ಹೇಳಿದೆ. ಚಿತ್ರದುರ್ಗದ ಗ್ರಾನೈಟಿಗೆ ಸುಮಾರು 260 ಕೋಟಿ ವರ್ಷ ಅಂತ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಷ್ಟು ವರ್ಷ ಮಳೆ ಬಿದ್ರೂ ಬೆಟ್ಟ ಸವೆದಿಲ್ವಾ ಸಾರ್? ನಮ್ಮನೆ ಬಟ್ಟೆ ಒಗೆಯೋ ಕಲ್ಲು ಅಜ್ಜಿ ಕಾಲದ್ದು. ಅದೇ ನಡುವೆ ಗುಂಡಿ ಬಿದ್ದಿದೆ" ಅಂದಳು.

ನಾಳೆ ಹೇಳ್ತೀನಿ ಅಂದೆ. ರಾತ್ರಿ ಕೂತು ಓದಿದೆ. ಓದಿದಷ್ಟೂ ಗೊಂದಲ ಜಾಸ್ತಿಯಾಯಿತು. ಬೆಟ್ಟಗಳು ಮೇಲೆದ್ದ ಕಾಲವನ್ನೂ ಸವೆದ ವೇಗವನ್ನೂ ಖನಿಜಗಳ 'ಕೂಲಿಂಗ್ ಏಜ್', ಅಂದರೆ ತಣಿದ ವಯಸ್ಸಿನಿಂದ ಲೆಕ್ಕ ಹಾಕುತ್ತಾರಂತೆ. ನಮ್ಮ ದಕ್ಷಿಣದ ಹಳೇ ಕಲ್ಲುಗಳಲ್ಲೂ ಅಪಟೈಟ್ ಅನ್ನುವ ಖನಿಜದ ವಯಸ್ಸು ಕಲ್ಲಿನ ವಯಸ್ಸಿಗಿಂತ ಎಷ್ಟೋ ಪಟ್ಟು ಕಡಿಮೆ ಬರುತ್ತದೆ. ಒಂದೇ ಕಲ್ಲಿಗೆ ಎರಡು ಮೂರು ವಯಸ್ಸು ಹೇಗೆ? ಅದರಲ್ಲಿ ಬೆಟ್ಟದ ವಯಸ್ಸು ಅಂತ ಯಾವುದನ್ನು ಹೇಳಬೇಕು? ಹಿಮಾಲಯ ಇಂಥ ಕಾಲದಲ್ಲಿ ಎದ್ದಿತು ಅನ್ನುವುದೂ ಇದೇ ಲೆಕ್ಕದಿಂದ ಬಂದದ್ದಾ? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ. ಸೋಮವಾರ ಆ ಹುಡುಗಿಗೆ ಉತ್ತರ ಕೊಡಬೇಕು.

ಕಲ್ಲುಪುಡಿ, ದಾವಣಗೆರೆ:

ಮೇಷ್ಟ್ರೇ, ಆ ಹುಡುಗಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ. ಒಗೆಯೋ ಕಲ್ಲಿನ ಮಾತು ತೆಗೆದಳಲ್ಲ, ಕೈ ಹಾಕಬೇಕಾದ ಜಾಗಕ್ಕೇ ಹಾಕಿದ್ದಾಳೆ.

ನಾನು ಎಂಟು ವರ್ಷ ಒಂದು ಲ್ಯಾಬಿನಲ್ಲಿ ಕಲ್ಲು ಪುಡಿ ಮಾಡಿ, ಅದರೊಳಗಿನ ಖನಿಜದ ಕಾಳು ಆರಿಸುವ ಕೆಲಸ ಮಾಡಿದವಳು. ಅಪಟೈಟ್ ನನ್ನ ಕೈಯಲ್ಲಿ ಎಷ್ಟು ಓಡಾಡಿದೆ ಅಂದರೆ, ಈಗಲೂ ಅಕ್ಕಿ ಆರಿಸಲು ಕೂತರೆ ಅದೇ ನೆನಪಾಗುತ್ತದೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ನಿಮ್ಮ 260 ಕೋಟಿ. ಅದು ಸರಿಯಾದ ಸಂಖ್ಯೆಯೇ. ಕರಗಿದ್ದ ಕಲ್ಲು ಗಟ್ಟಿಯಾದ ಕಾಲ ಅದು. ಆದರೆ ಗಟ್ಟಿಯಾದದ್ದು ಎಲ್ಲಿ? ಬಯಲಲ್ಲಲ್ಲ, ನೆಲದೊಳಗೆ ಕಿಲೋಮೀಟರ್‌ಗಟ್ಟಲೆ ಆಳದಲ್ಲಿ. ಗ್ರಾನೈಟ್ ಆಗುವುದೇ ಹಾಗೆ, ಆಳದಲ್ಲಿ ನಿಧಾನವಾಗಿ ಆರಿ. ಅದಕ್ಕೇ ಅದರ ಹರಳುಗಳು ಬರಿಗಣ್ಣಿಗೆ ಕಾಣುವಷ್ಟು ದಪ್ಪ. ಅಂದರೆ ನೀವು ಶನಿವಾರ ನಿಂತಿದ್ದ ಜಾಗದ ಮೇಲೆ ಒಂದು ಕಾಲದಲ್ಲಿ ಕಿಲೋಮೀಟರ್‌ಗಟ್ಟಲೆ ಕಲ್ಲಿತ್ತು. ಈಗ ಅದು ಇಲ್ಲ. "ಸವೆದಿಲ್ವಾ ಸಾರ್" ಅಂತ ಕೇಳಿದಳಲ್ಲ, ಸವೆದಿದೆಯಮ್ಮಾ. ಸವೆದಿದ್ದಕ್ಕೇ ಆ ಕಲ್ಲು ನಿನ್ನ ಕಾಲ ಕೆಳಗೆ ಬಂದಿದೆ.

ಇನ್ನು ಮುಂದಿನ ಪ್ರಶ್ನೆ. ಮೇಲಿದ್ದ ಆ ಕಲ್ಲು ಹೋದದ್ದು ಯಾವಾಗ, ಎಷ್ಟು ಬೇಗ? ಹೋದ ಕಲ್ಲನ್ನು ಕೇಳಲು ಆಗುವುದಿಲ್ಲ. ಉಳಿದ ಕಲ್ಲನ್ನೇ ಕೇಳಬೇಕು. ತಣಿದ ವಯಸ್ಸು ಬರುವುದು ಇಲ್ಲಿ.

ಆಳಕ್ಕೆ ಹೋದಷ್ಟೂ ಬಿಸಿ. ಮೇಲಿನ ಕಲ್ಲು ಸವೆದು ಹೋದಷ್ಟೂ ಕೆಳಗಿನದು ಮೇಲ್ಮೈಗೆ ಹತ್ತಿರವಾಗುತ್ತದೆ, ಹತ್ತಿರವಾದಷ್ಟೂ ತಣ್ಣಗಾಗುತ್ತದೆ. ಇಂಥ ಬಿಸಿಗಿಂತ ಕೆಳಗೆ ಇಳಿದದ್ದು ಯಾವಾಗ ಅಂತ ಬರೆದಿಟ್ಟುಕೊಳ್ಳುವ ಖನಿಜಗಳು ಕಲ್ಲಿನೊಳಗೆ ಇವೆ.

ಅಪಟೈಟನ್ನೇ ತೆಗೆದುಕೊಳ್ಳಿ. ನಮ್ಮ ಹಲ್ಲಿನ ಗಟ್ಟಿತನಕ್ಕೆ ಕಾರಣವಾದ ಖನಿಜದ ಹತ್ತಿರದ ಬಂಧು ಅದು. ಗ್ರಾನೈಟಿನಲ್ಲಿ ಸಣ್ಣ ಸಣ್ಣ ಕಾಳಾಗಿ ಇರುತ್ತದೆ. ಅದರೊಳಗೆ ಚೂರೇ ಚೂರು ಯುರೇನಿಯಂ. ಯುರೇನಿಯಂ 238ರ ಪರಮಾಣುಗಳು ಹೆಚ್ಚಾಗಿ ಹೀಲಿಯಂ ಬಿಡುತ್ತಾ ನಿಧಾನವಾಗಿ ಸೀಸವಾಗುತ್ತವೆ. ಆದರೆ ಸುಮಾರು 20 ಲಕ್ಷದಲ್ಲಿ ಒಂದು ಮಾತ್ರ ತಾನಾಗೇ ಎರಡು ಹೋಳಾಗಿ ಸಿಡಿಯುತ್ತದೆ. ಆ ಎರಡು ಹೋಳು ಎದುರುಬದುರು ದಿಕ್ಕಿಗೆ ಹರಳನ್ನು ಸೀಳಿಕೊಂಡು ಹೋಗುತ್ತವೆ. ಉಳಿಯುವುದು ಒಂದು ಗೆರೆ, ಉದ್ದ ಸುಮಾರು 16 ಮೈಕ್ರಾನ್. ತಲೆಗೂದಲಿನ ದಪ್ಪದ ಕಾಲು ಭಾಗ ಅಂದುಕೊಳ್ಳಿ. ಫಿಷನ್ ಟ್ರ್ಯಾಕ್ ಅನ್ನುವುದು ಇದನ್ನೇ.

ನೀವು ಆಲೆಮನೆ ನೋಡಿರುತ್ತೀರಿ. ಬಿಸಿ ಪಾಕದ ಮೇಲೆ ಕಡ್ಡಿಯಲ್ಲಿ ಗೆರೆ ಎಳೆದರೆ ಕಣ್ಣೆದುರೇ ಕೂಡಿಕೊಂಡುಬಿಡುತ್ತದೆ. ಆರಿದ ಬೆಲ್ಲದ ಮೇಲೆ ಎಳೆದರೆ ಹಾಗೇ ಇರುತ್ತದೆ. ಅಪಟೈಟಿನ ಗೆರೆಗಳೂ ಹೀಗೇ. ಸುಮಾರು 110–120 ಡಿಗ್ರಿಗಿಂತ ಬಿಸಿ ಇದ್ದರೆ ಬಿದ್ದ ಗೆರೆಯೆಲ್ಲಾ ಮುಚ್ಚಿಹೋಗುತ್ತದೆ. 60 ಡಿಗ್ರಿಗಿಂತ ಕೆಳಗೆ ಬಂದರೆ ಹೆಚ್ಚುಕಮ್ಮಿ ಹಾಗೇ ಉಳಿಯುತ್ತದೆ. ನಡುವಿನ ಬಿಸಿಯಲ್ಲಿ ಎರಡೂ ತುದಿಯಿಂದ ಗಿಡ್ಡವಾಗುತ್ತಾ ಬರುತ್ತದೆ. ಹಾಗಾಗಿ ಗೆರೆಗಳನ್ನು ಎಣಿಸಿ, ಯುರೇನಿಯಂ ಎಷ್ಟಿದೆ ಅಂತ ಅಳೆದರೆ, ಬೆಲ್ಲ ಆರಿ ಎಷ್ಟು ಕಾಲವಾಯಿತು ಅಂತ ಸಿಗುತ್ತದೆ. ಗೆರೆಗಳ ಉದ್ದ ನೋಡಿದರೆ ಬೇಗ ಆರಿತಾ, ನಿಧಾನವಾಗಿ ಆರಿತಾ ಅನ್ನುವುದೂ ಸಿಗುತ್ತದೆ. ಎಲ್ಲಾ ಗೆರೆಯೂ ಉದ್ದವಾಗಿದ್ದರೆ ಸರಸರ ಮೇಲೆ ಬಂದ ಕಲ್ಲು. ಗಿಡ್ಡ, ಉದ್ದ ಎಲ್ಲಾ ಬೆರೆತಿದ್ದರೆ ನಡುವಿನ ಬಿಸಿಯಲ್ಲಿ ಬಹಳ ಕಾಲ ಕೂತಿದ್ದ ಕಲ್ಲು. ನನಗೆ ಈ ವಿದ್ಯೆಯಲ್ಲಿ ತುಂಬಾ ಇಷ್ಟವಾದ ಭಾಗ ಇದೇ. ವಯಸ್ಸು ಒಂದು ಸಂಖ್ಯೆ ಅಷ್ಟೇ. ಗೆರೆಗಳ ಉದ್ದದಲ್ಲಿ ಇಡೀ ದಾರಿ ಇದೆ.

ಬೇರೆ ಖನಿಜ, ಬೇರೆ ಗಡಿಯಾರಗಳಿಗೆ ಬೇರೆ ಬಿಸಿ. ಜಿರ್ಕಾನಿನ ಫಿಷನ್ ಗೆರೆ ಸುಮಾರು 240 ಡಿಗ್ರಿಯಲ್ಲಿ ಉಳಿಯಲು ಶುರು. ಕಪ್ಪು ಅಭ್ರಕ, ಅಂದರೆ ಬಯೊಟೈಟ್, ತನ್ನೊಳಗಿನ ಆರ್ಗಾನ್ ಅನಿಲವನ್ನು ಸುಮಾರು 300 ಡಿಗ್ರಿಯಿಂದ ಕೆಳಗೆ ಹಿಡಿದಿಟ್ಟುಕೊಳ್ಳುತ್ತದೆ. ಅಪಟೈಟಿನ ಹೀಲಿಯಂ ಮಾತ್ರ ಸುಮಾರು 70 ಡಿಗ್ರಿಗೆ ಬರುವವರೆಗೆ ಸೋರಿ ಹೋಗುತ್ತಲೇ ಇರುತ್ತದೆ. ಅದಕ್ಕೇ ಒಂದೇ ಕಲ್ಲಿಗೆ ನಾಲ್ಕು ವಯಸ್ಸು ಬಂದರೂ ಜಗಳವಿಲ್ಲ. 300ಕ್ಕೆ ಇಳಿದದ್ದು ಆಗ, 110ಕ್ಕೆ ಇಳಿದದ್ದು ಈಗ, ಅಷ್ಟೇ. ಆಲ್ಪ್ಸ್ ಪರ್ವತದ ಅಭ್ರಕಗಳ ವಯಸ್ಸು ಕಲ್ಲು ಹುಟ್ಟಿದ ಕಾಲವಲ್ಲ, ತಣಿದ ಕಾಲ ಅಂತ 1960ರ ದಶಕದಲ್ಲಿ ಬಿಡಿಸಿ ತೋರಿಸಿದವರಲ್ಲಿ ಮುಖ್ಯರು ಬರ್ನ್‌ನ ಎಮಿಲಿ ಯೇಗರ್ ಅನ್ನುವ ಹೆಣ್ಣುಮಗಳು. ಅಲ್ಲಿಯವರೆಗೆ ಇಂಥ ವಯಸ್ಸುಗಳನ್ನು ಕಂಡು ಎಷ್ಟೋ ಜನ ತಲೆ ಕೆಡಿಸಿಕೊಂಡಿದ್ದರು. ಯಾವ ಹರಳು ಎಷ್ಟು ಬಿಸಿಯಲ್ಲಿ ಬಾಗಿಲು ಹಾಕಿಕೊಳ್ಳುತ್ತದೆ ಅನ್ನುವುದಕ್ಕೆ 1973ರಲ್ಲಿ ಮಾರ್ಟಿನ್ ಡಾಡ್ಸನ್ ಲೆಕ್ಕದ ಸೂತ್ರ ಕೊಟ್ಟರು. ಕಾಳಿನ ಗಾತ್ರ, ತಣಿದ ವೇಗ ಎರಡೂ ಆ ಸೂತ್ರದೊಳಗೆ ಇವೆ. ಅದಕ್ಕೇ ನಾನು ಪ್ರತಿ ಸಲ 'ಸುಮಾರು' ಅನ್ನುತ್ತಿರುವುದು.

ಊಟಕ್ಕೆ ಕರೆಯುತ್ತಿದ್ದಾರೆ. ಬಂದು ಮುಂದುವರಿಸುತ್ತೇನೆ.

ಕಲ್ಲುಪುಡಿ, ದಾವಣಗೆರೆ:

ಮೇಷ್ಟ್ರೇ, ಲ್ಯಾಬಿನ ಕೆಲಸವನ್ನೂ ಸ್ವಲ್ಪ ಹೇಳುತ್ತೇನೆ. ಮಕ್ಕಳಿಗೆ ಇದು ಹಿಡಿಸುತ್ತದೆ.

ಒಂದು ಸ್ಯಾಂಪಲ್ ಅಂದರೆ ಮೂರರಿಂದ ಐದು ಕಿಲೋ ಕಲ್ಲು. ಒಡೆದು, ಪುಡಿ ಮಾಡಿ, ಜರಡಿ ಹಿಡಿಯುತ್ತೇವೆ. ನೀರಿನಲ್ಲಿ ತೂರಿದಂತೆ ಮಾಡಿ ಹಗುರದ್ದನ್ನು ಕಳೆಯುತ್ತೇವೆ. ಆಮೇಲೆ ಬ್ರೋಮೋಫಾರಂ ಅನ್ನುವ ಭಾರದ ದ್ರವ. ಸ್ಫಟಿಕ, ಫೆಲ್ಡ್‌ಸ್ಪಾರ್ ಅದರಲ್ಲಿ ತೇಲುತ್ತವೆ. ಅಪಟೈಟ್, ಜಿರ್ಕಾನ್ ಮುಳುಗುತ್ತವೆ. ಮುಳುಗಿದ್ದನ್ನು ಅದಕ್ಕಿಂತ ಭಾರದ ಇನ್ನೊಂದು ದ್ರವಕ್ಕೆ ಹಾಕಿದರೆ ಅಪಟೈಟ್ ತೇಲಿ ಜಿರ್ಕಾನ್ ಮುಳುಗುತ್ತದೆ. ನಡುವೆ ಆಯಸ್ಕಾಂತದ ಯಂತ್ರವೂ ಇದೆ. ಕೊನೆಗೆ ಐದು ಕಿಲೋ ಕಲ್ಲಿನಿಂದ ಉಳಿಯುವುದು ಒಂದು ಚಿಟಿಕೆ. ಅದನ್ನು ಅಂಟಿನಲ್ಲಿ ಕೂರಿಸಿ, ನುಣ್ಣಗೆ ಉಜ್ಜಿ, ನೈಟ್ರಿಕ್ ಆಸಿಡ್‌ನಲ್ಲಿ ಅದ್ದಬೇಕು. ಆಸಿಡ್ ಗೆರೆಗಳನ್ನು ಕೊರೆದು ಅಗಲ ಮಾಡುತ್ತದೆ. ಆಗ ಮಾತ್ರ ಮೈಕ್ರೋಸ್ಕೋಪಿನಲ್ಲಿ ಕಾಣುವುದು.

ನಮ್ಮಲ್ಲಿ ಆ ಅದ್ದುವಿಕೆ 21 ಡಿಗ್ರಿ ಆಸಿಡ್‌ನಲ್ಲಿ ಸರಿಯಾಗಿ 20 ಸೆಕೆಂಡ್. ಒಂದು ಏಪ್ರಿಲ್‌ನಲ್ಲಿ ಕರೆಂಟ್ ಹೋಗಿ ಎ.ಸಿ. ನಿಂತಿತ್ತು. ಕೋಣೆ ಕಾದಿದ್ದು ಗೊತ್ತಿದ್ದೂ ಆಸಿಡ್‌ನ ಬಿಸಿ ಅಳೆಯದೆ ಅದ್ದಿಬಿಟ್ಟೆ. ಗೆರೆಗಳೆಲ್ಲಾ ಊದಿ ಒಂದರೊಳಗೊಂದು ಸೇರಿಹೋದವು. ಹನ್ನೊಂದು ಸ್ಯಾಂಪಲ್. ಒಬ್ಬ ಹುಡುಗ ಹಿಮಾಲಯದ ಕಣಿವೆಯಲ್ಲಿ ಬೆನ್ನ ಮೇಲೆ ಹೊತ್ತು ತಂದಿದ್ದ ಕಲ್ಲುಗಳು. ಉಳಿದ ಪುಡಿಯಲ್ಲಿ ಮತ್ತೆ ಕಾಳು ಹುಡುಕಿ ಏಳನ್ನು ಉಳಿಸಿಕೊಂಡೆವು, ನಾಲ್ಕು ಹೋದವು. ಅವನು ಒಂದು ಮಾತೂ ಅನ್ನಲಿಲ್ಲ. ಆಮೇಲೆ ನಾನು ಒಂದು ಸಲವೂ ಥರ್ಮಾಮೀಟರ್ ನೋಡದೆ ಆಸಿಡ್ ಮುಟ್ಟಲಿಲ್ಲ.

ಈಗ ಬೆಟ್ಟದ ಲೆಕ್ಕ. ಒಂದು ದೊಡ್ಡ ಪರ್ವತದ ತಪ್ಪಲಿನಿಂದ ತುದಿಯವರೆಗೆ ಬೇರೆ ಬೇರೆ ಎತ್ತರದಲ್ಲಿ ಕಲ್ಲು ತರುತ್ತಾರೆ. ತುದಿಯ ಕಲ್ಲು ಮೊದಲು ತಣಿದಿರುತ್ತದೆ, ಬುಡದ್ದು ಆಮೇಲೆ. ಎತ್ತರ ಒಂದು ಕಡೆ, ವಯಸ್ಸು ಒಂದು ಕಡೆ ಇಟ್ಟು ಗ್ರಾಫ್ ಎಳೆದರೆ ಸವೆತದ ವೇಗ ಸಿಗುತ್ತದೆ. ಅಲಾಸ್ಕಾದ ಡೆನಾಲಿ ಶಿಖರದ್ದು ಚೆನ್ನಾದ ಉದಾಹರಣೆ. ಅದರ ಎತ್ತರ 6,190 ಮೀಟರ್. ತುದಿಯ ಹತ್ತಿರದ ಅಪಟೈಟಿಗೆ ಸುಮಾರು 1.6 ಕೋಟಿ ವರ್ಷ. ನಾಲ್ಕು ಕಿಲೋಮೀಟರ್ ಕೆಳಗೆ ಸುಮಾರು 40 ಲಕ್ಷ. ಗ್ರಾಫಿನಲ್ಲಿ ಸುಮಾರು 4,500 ಮೀಟರ್ ಎತ್ತರದ ಹತ್ತಿರ ಒಂದು ಮುರಿವು ಇದೆ. ಅದರ ಮೇಲಿನ ಕಲ್ಲುಗಳು ನಿಧಾನವಾಗಿ ತಣಿದವು, ಗೆರೆಗಳೂ ಗಿಡ್ಡ. ಕೆಳಗಿನವು ಬೇಗ ತಣಿದವು, ಗೆರೆಗಳು ಉದ್ದ. ಆ ಮುರಿವಿನ ವಯಸ್ಸು ಸುಮಾರು 50–60 ಲಕ್ಷ ವರ್ಷ. ಸವೆತ ಜೋರಾದದ್ದು ಆಗಿನಿಂದ ಅಂತ ತಿಳಿಯುತ್ತದೆ.

ಹಿಮಾಲಯದ ಪಶ್ಚಿಮ ತುದಿಯ ನಂಗಾ ಪರ್ಬತದಲ್ಲಿ ಇನ್ನೂ ಜೋರು. ಎತ್ತರ 8,126 ಮೀಟರ್. ಅಲ್ಲಿ ಕೆಲವು ಅಪಟೈಟಿನ ವಯಸ್ಸು 10 ಲಕ್ಷ ವರ್ಷವೂ ಇಲ್ಲ. ಕಲ್ಲು ಮೇಲೆ ಬರುವ ವೇಗ ವರ್ಷಕ್ಕೆ ಕೆಲವು ಮಿಲಿಮೀಟರ್. ಉಗುರು ಬೆಳೆಯುವುದಕ್ಕಿಂತ ನಿಧಾನ ಅಲ್ವಾ? ಆದರೂ 10 ಲಕ್ಷ ವರ್ಷಕ್ಕೆ ಕೂಡಿಸಿ ನೋಡಿ, ಕೆಲವು ಕಿಲೋಮೀಟರ್ ಆಗುತ್ತದೆ. ಕಲ್ಲು ಅಷ್ಟು ಬೇಗ ಬರುವುದರಿಂದ ಆಳದ ಬಿಸಿಯನ್ನೂ ಜೊತೆಗೆ ಹೊತ್ತು ತರುತ್ತದೆ. ಆ ಬೆಟ್ಟದ ಬುಡದಲ್ಲಿ ತತ್ತಾ ಪಾನಿ ಅಂತಲೇ ಹೆಸರಿರುವ ಬಿಸಿನೀರಿನ ಬುಗ್ಗೆಗಳಿವೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ನಿಮ್ಮ ಪ್ರಶ್ನೆಯಲ್ಲಿ 'ಬೆಟ್ಟ ಮೇಲೆದ್ದ ಕಾಲ' ಅಂತ ಇದೆ. ತಣಿದ ವಯಸ್ಸು ಅದನ್ನು ನೇರವಾಗಿ ಹೇಳುವುದಿಲ್ಲ. ತುಂಗಭದ್ರೆಯ ಮೇಲೆ ಭತ್ತದ ಮೂಟೆ ತುಂಬಿದ ಹರಿಗೋಲು ನೆನೆಸಿಕೊಳ್ಳಿ. ಮೇಲಿನ ಮೂಟೆ ಒಂದೊಂದಾಗಿ ಇಳಿಸಿದಂತೆ ಹರಿಗೋಲು ಮೇಲೇಳುತ್ತದೆ. ತಳದ ಮೂಟೆ ನೀರಿನ ಮಟ್ಟಕ್ಕಿಂತ ಮೇಲೆ ಬಂತು, ನಿಜ. ಆದರೆ ಮೂಟೆಯ ರಾಶಿಯ ತುದಿ ಮೊದಲಿಗಿಂತ ತಗ್ಗಿತು. ಭೂಮಿಯ ಮೇಲ್ಪದರವೂ ಕೆಳಗಿನ ಭಾರವಾದ ಕಲ್ಲಿನ ಮೇಲೆ ಹೀಗೇ ಕೂತಿದೆ. ಒಂದು ಕಿಲೋಮೀಟರ್ ಕಲ್ಲು ಸವೆದರೆ ಅದು 800 ಮೀಟರಿನಷ್ಟು ಮೇಲೇಳುತ್ತದೆ. ಒಟ್ಟಿನಲ್ಲಿ ನೆಲ ತಗ್ಗುವುದು 200 ಮೀಟರ್ ಮಾತ್ರ.

ಅಂದರೆ ಕಲ್ಲು ಮೇಲೆ ಬಂದದ್ದು ಬೇರೆ, ನೆಲ ಎತ್ತರವಾದದ್ದು ಬೇರೆ. ಖನಿಜ ಹೇಳುವುದು ತನ್ನ ತಲೆ ಮೇಲಿನ ಕಲ್ಲು ಹೋಯಿತು ಅನ್ನುವುದನ್ನು ಮಾತ್ರ. ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದ್ದೆ ಅನ್ನುವುದು ಅದಕ್ಕೆ ಗೊತ್ತಿಲ್ಲ. 1990ರಲ್ಲಿ ಫಿಲಿಪ್ ಇಂಗ್ಲೆಂಡ್ ಮತ್ತು ಪೀಟರ್ ಮೊಲ್ನಾರ್ ಇದನ್ನೇ ಬಿಡಿಸಿ ಬರೆದರು. ಅಷ್ಟರವರೆಗೆ ತಣಿದ ವಯಸ್ಸು ಸಿಕ್ಕ ಕೂಡಲೇ 'ಪರ್ವತ ಎದ್ದಿತು' ಅಂತ ಬರೆಯುವ ರೂಢಿ ಇತ್ತು. ಈಗಲೂ ಪತ್ರಿಕೆಗಳಲ್ಲಿ ಹಾಗೇ ಬರುತ್ತದೆ. ಓದಿದಾಗೆಲ್ಲಾ ನನಗೆ ಸಂಕಟವಾಗುತ್ತದೆ, ಯಾಕೆಂದರೆ ಕಷ್ಟಪಟ್ಟು ಎಣಿಸಿದ ಗೆರೆಗಳ ಬಾಯಲ್ಲಿ ಅವು ಹೇಳದ ಮಾತನ್ನು ಹೇಳಿಸಿದಂತಾಗುತ್ತದೆ.

ಹಿಮಾಲಯದ ಬಗ್ಗೆ ಕೇಳಿದಿರಿ. ಭಾರತದ ತಟ್ಟೆ ಏಷ್ಯಾಕ್ಕೆ ಡಿಕ್ಕಿ ಹೊಡೆಯಲು ಶುರುವಾದದ್ದು ಸುಮಾರು 5 ಕೋಟಿ ವರ್ಷದ ಹಿಂದೆ. ಆ ಲೆಕ್ಕ ಬಂದದ್ದು ಮುಖ್ಯವಾಗಿ ಸಮುದ್ರದ ಕೆಸರುಗಲ್ಲು, ಅದರೊಳಗಿನ ಪಳೆಯುಳಿಕೆ ಮತ್ತು ತಟ್ಟೆಗಳ ಚಲನೆಯಿಂದ. ತಣಿದ ವಯಸ್ಸು ಹೇಳುವುದು ಆಮೇಲೆ ಯಾವ ಜಾಗ ಯಾವಾಗ ಎಷ್ಟು ಬೇಗ ಸವೆಯಿತು ಅನ್ನುವುದನ್ನು. ಅದನ್ನು ತುಂಬಾ ಚೆನ್ನಾಗಿ ಹೇಳುತ್ತದೆ.

ರಿಗ್ ಮೇಲಿನವನು, ಚಳ್ಳಕೆರೆ:

ಮೇಡಂ, ನಾನು 14 ವರ್ಷದಿಂದ ಬೋರ್‌ವೆಲ್ ಗಾಡಿಯಲ್ಲಿದ್ದೇನೆ. ನಿಮ್ಮ ಮಾತು ಓದಿ ಒಂದು ವಿಷಯ ನೆನಪಾಯಿತು. ನಮ್ಮ ಕಡೆ ಸಾವಿರ ಅಡಿ ಕೊರೆಯುವುದು ಈಗ ಮಾಮೂಲು. ಮೊದಲು ಮಣ್ಣು, ಆಮೇಲೆ ಗರಸು, ಆಮೇಲೆ ಕೊಳೆತ ಕಲ್ಲು, ಅದಾದ ಮೇಲೆ ಗಟ್ಟಿ. ಕೊಳೆತ ಕಲ್ಲಿನ ನಡುವೆಯೇ ಒಮ್ಮೊಮ್ಮೆ ಒಂದು ಗಟ್ಟಿ ಗುಂಡು ಸಿಗುತ್ತದೆ. ಬಿಟ್ ಕುಣಿಯುತ್ತದೆ, ಐದಾರು ಅಡಿ ಆದ ಮೇಲೆ ಮತ್ತೆ ಮೆತ್ತಗೆ. ಆಳದಿಂದ ನೀರು ಬಂದರೆ ಚಳಿಗಾಲದ ಬೆಳಗ್ಗೆ ಕೈಗೆ ಬೆಚ್ಚಗೆ ಅನಿಸುತ್ತದೆ. ಅದು ನೀವು ಹೇಳುವ ಬಿಸಿಯೇನಾ? ಆಳಕ್ಕೆ ಹೋದಷ್ಟು ಬಿಸಿ ಅನ್ನುವುದು ಎಲ್ಲಾ ಊರಿನಲ್ಲೂ ಒಂದೇ ಲೆಕ್ಕವಾ? ಬೇರೆ ಬೇರೆ ಆದರೆ ನಿಮ್ಮ ಆಳದ ಲೆಕ್ಕ ತಪ್ಪುವುದಿಲ್ವಾ?

ಕಲ್ಲುಪುಡಿ, ದಾವಣಗೆರೆ:

ಅಣ್ಣಾ, ಈ ವಿದ್ಯೆಯ ಸೂಕ್ಷ್ಮ ಜಾಗವನ್ನೇ ಮುಟ್ಟಿದ್ದೀರಿ. ಎಲ್ಲಾ ಕಡೆ ಒಂದೇ ಅಲ್ಲ. ಸಾಮಾನ್ಯವಾಗಿ ಕಿಲೋಮೀಟರ್ ಆಳಕ್ಕೆ 25–30 ಡಿಗ್ರಿ ಏರುತ್ತದೆ ಅಂತ ಲೆಕ್ಕ ಹಿಡಿಯುತ್ತಾರೆ. ನಮ್ಮದು ಹಳೇ ನೆಲ, ತಣ್ಣನೆಯ ನೆಲ. ಕೋಲಾರದ ಚಿನ್ನದ ಗಣಿ ಮೂರು ಕಿಲೋಮೀಟರಿಗೂ ಜಾಸ್ತಿ ಆಳ ಇತ್ತು. ಅಷ್ಟು ಕೆಳಗೆ ಕಲ್ಲಿನ ಬಿಸಿ 60 ಡಿಗ್ರಿ ದಾಟಿತ್ತು. ಆಳು ಕೆಲಸ ಮಾಡಲು ಅದೇ ನರಕ. ಆದರೆ ಲೆಕ್ಕ ಹಾಕಿದರೆ ಕಿಲೋಮೀಟರಿಗೆ 12–13 ಡಿಗ್ರಿ ಅಷ್ಟೇ ಆಯಿತು. ನಿಮ್ಮ ಸಾವಿರ ಅಡಿ ಅಂದರೆ 300 ಮೀಟರ್. ಅಲ್ಲಿ ಮೇಲಿಗಿಂತ ನಾಲ್ಕೈದು ಡಿಗ್ರಿ ಜಾಸ್ತಿ ಇರುತ್ತದೆ. ಬೆಳಗಿನ ಚಳಿಯಲ್ಲಿ ಅಷ್ಟು ಸಾಕು, ಬೆಚ್ಚಗೆ ಅನಿಸುತ್ತದೆ.

ಈಗ ಸುಮ್ನೆ ಲೆಕ್ಕಕ್ಕೆ ಒಂದು ಕಲ್ಲು ಇಟ್ಟುಕೊಳ್ಳೋಣ. ಅಪಟೈಟಿನ ವಯಸ್ಸು 20 ಕೋಟಿ ವರ್ಷ ಬಂತು ಅನ್ನಿ. ನೆಲದ ಮೇಲೆ 25 ಡಿಗ್ರಿ, ಗೆರೆ ಉಳಿಯಲು ಶುರುವಾಗುವುದು 110 ಡಿಗ್ರಿ, ನಡುವಿನ ವ್ಯತ್ಯಾಸ 85. ಕಿಲೋಮೀಟರಿಗೆ 25 ಡಿಗ್ರಿಯಾದರೆ ಆ ಕಲ್ಲು 3.4 ಕಿಲೋಮೀಟರ್ ಆಳದಿಂದ ಬಂದಿದೆ. 12.5 ಆದರೆ 6.8 ಕಿಲೋಮೀಟರ್. ಒಂದೇ ಗೆರೆ, ಒಂದೇ ವಯಸ್ಸು, ಸವೆತ ಮಾತ್ರ ಎರಡರಷ್ಟು. ಅದಕ್ಕೇ ಒಳ್ಳೆಯ ಕೆಲಸ ಮಾಡುವವರು ಒಂದೇ ಗಡಿಯಾರ ನಂಬಿ ಕೂರುವುದಿಲ್ಲ. ಅದೇ ಕಲ್ಲಿನ ಜಿರ್ಕಾನ್, ಅಪಟೈಟಿನ ಹೀಲಿಯಂ ಎಲ್ಲಾ ನೋಡುತ್ತಾರೆ. ಎರಡು ಗಡಿಯಾರದ ನಡುವಿನ ಅಂತರದಿಂದ ತಣಿದ ವೇಗವಾದರೂ ಗಟ್ಟಿಯಾಗಿ ಸಿಗುತ್ತದೆ, ಆಳದ ಮಾತು ಆಮೇಲೆ. ಇನ್ನೊಂದು, ತಣಿಯುವುದೆಲ್ಲಾ ಸವೆತದಿಂದಲೇ ಅಲ್ಲ. ಹತ್ತಿರದಲ್ಲಿ ಲಾವಾ ನುಗ್ಗಿ ಕಾಯಿಸಿ ಹೋಗಿದ್ದರೂ ಹಳೇ ಗೆರೆ ಅಳಿಸಿ ಗಡಿಯಾರ ಹೊಸದಾಗಿ ಶುರುವಾಗುತ್ತದೆ. ಅಕ್ಕಪಕ್ಕದ ಕಲ್ಲು ನೋಡದೆ ಸಂಖ್ಯೆ ಒಂದನ್ನೇ ಹಿಡಿದು ಮಾತಾಡಬಾರದು.

ಕೊಳೆತ ಕಲ್ಲಿನ ನಡುವೆ ಗಟ್ಟಿ ಗುಂಡು ಅಂದಿರಲ್ಲ, ಮೇಷ್ಟ್ರು ಅದನ್ನು ಮಕ್ಕಳಿಗೆ ಹೇಳಲೇಬೇಕು. ಕೋಟೆಯಲ್ಲಿ ಒಂದರ ಮೇಲೊಂದು ಕೂತಿರುವ ಗುಂಡುಕಲ್ಲುಗಳು ಮೊದಲು ನೆಲದೊಳಗೇ ರೂಪಾದದ್ದು. ಬಿರುಕಿನಲ್ಲಿ ನೀರು ಇಳಿದು ಸುತ್ತಲೂ ಕೊಳೆಸಿತು, ಮೂಲೆಗಳು ಮೊದಲು ಕರಗಿದವು, ನಡುವಿನ ತಿರುಳು ಗುಂಡಾಗಿ ಉಳಿಯಿತು. ಆಮೇಲೆ ಮಳೆ ಬಂದು ಗರಸನ್ನು ತೊಳೆದು ಗುಂಡನ್ನು ಬಿಟ್ಟುಹೋಯಿತು. ಬಿರುಕು ಜಾಸ್ತಿ ಇದ್ದ ಕಡೆ ಬಯಲಾಯಿತು, ಕಡಿಮೆ ಇದ್ದ ಕಡೆ ಬೆಟ್ಟ ಉಳಿಯಿತು. ಹಾಗಾಗಿ ಕೋಟೆ ಬೆಟ್ಟ ಬಯಲಿನಿಂದ ಎದ್ದು ನಿಂತದ್ದಲ್ಲ, ಸುತ್ತಲಿನದು ಇಳಿದುಹೋಗಿ ಉಳಿದದ್ದು.

ಹರಿಹರದ ವಿದ್ಯಾರ್ಥಿ:

ಅಕ್ಕಾ, ನಾನು ಎಂ.ಎಸ್ಸಿ. ಭೂವಿಜ್ಞಾನ ಓದುತ್ತಿದ್ದೇನೆ. ಎರಡು ಮಾತು ಸೇರಿಸಲಾ?

ಪಶ್ಚಿಮ ಘಟ್ಟದ ಅಪಟೈಟ್ ಕೆಲಸ 1990ರ ದಶಕದಿಂದ ನಡೆದಿದೆ. ಘಟ್ಟದ ಕೆಳಗೆ ಕರಾವಳಿ ಕಡೆ ವಯಸ್ಸು ಕಡಿಮೆ ಬರುತ್ತದೆ, ಘಟ್ಟ ಹತ್ತಿ ನಮ್ಮ ಒಳನಾಡಿನ ಕಡೆ ಬಂದಂತೆ ಜಾಸ್ತಿಯಾಗುತ್ತದೆ. ಆಗುಂಬೆಯಲ್ಲಿ ನಿಂತು ಕೆಳಗೆ ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತದೆ. ಸುಮಾರು 9 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ಬೇರೆಯಾಗಿ ಪಕ್ಕದಲ್ಲೇ ಸಮುದ್ರ ಬಂತು. ಹೊಳೆಗಳಿಗೆ ಕಡಿದಾದ ಇಳಿಜಾರು ಸಿಕ್ಕಿತು. ಕರಾವಳಿ ಕಡೆ ಕಲ್ಲು ಜಾಸ್ತಿ ಕೊಚ್ಚಿಹೋಯಿತು, ಆಳದ ಕಲ್ಲು ಅಲ್ಲಿ ಹೊರಗೆ ಬಂತು. ಒಳನಾಡಿನಲ್ಲಿ ತುಂಗೆ, ಭದ್ರೆ ಪೂರ್ವಕ್ಕೆ ನಿಧಾನವಾಗಿ ಹರಿದವು. ಸವೆತವೂ ನಿಧಾನ.

ಇನ್ನೊಂದು ಮರಳಿನ ವಿಷಯ. ಮಳೆಗಾಲದಲ್ಲಿ ಹರಿಹರದ ಸೇತುವೆ ಮೇಲೆ ನಿಂತರೆ ಕೆಂಪು ನೀರು ಹೋಗುವುದು ನೋಡುತ್ತೇವಲ್ಲ, ಅದರ ಮರಳಿನಲ್ಲಿ ಇಡೀ ಜಲಾನಯನದ ಕಾಳುಗಳು ಬೆರೆತಿರುತ್ತವೆ. ಬೆಟ್ಟ ಹತ್ತದೆಯೇ ಬೆಟ್ಟದ ವಯಸ್ಸು ನೋಡಬಹುದು. ಹಿಮಾಲಯದ ಬುಡದ ಶಿವಾಲಿಕ್ ಮರಳುಗಲ್ಲಿನಲ್ಲಿ ಹೀಗೇ ಮಾಡಿದ್ದಾರೆ. ಮರಳಿನ ಪದರ ಕೂತದ್ದು ಯಾವಾಗ ಅಂತ ಬೇರೆ ದಾರಿಯಿಂದ ತಿಳಿದುಕೊಳ್ಳುತ್ತಾರೆ. ಅದರೊಳಗಿನ ಜಿರ್ಕಾನ್ ತಣಿದದ್ದು ಯಾವಾಗ ಅಂತ ಗೆರೆ ಎಣಿಸುತ್ತಾರೆ. ಎರಡರ ನಡುವಿನ ಅಂತರವೇ ಆ ಕಾಳು 240 ಡಿಗ್ರಿ ಆಳದಿಂದ ಹೊರಟು, ಬೆಟ್ಟವಾಗಿ, ಸವೆದು, ಹೊಳೆಯಲ್ಲಿ ಬಂದು ಕೂರಲು ಹಿಡಿದ ಕಾಲ. ಕಳೆದ 1.8 ಕೋಟಿ ವರ್ಷದ ಬೇರೆ ಬೇರೆ ಪದರಗಳಲ್ಲೂ ಆ ಅಂತರ ಕೆಲವೇ ದಶಲಕ್ಷ ವರ್ಷ ಇರುವ ಕಾಳುಗಳು ಸಿಕ್ಕಿವೆ. ಅಂದರೆ ನಂಗಾ ಪರ್ಬತದಂತೆ ಸರಸರ ಸವೆಯುವ ಜಾಗ ಹಿಮಾಲಯದಲ್ಲಿ ಆಗಲೂ ಎಲ್ಲೋ ಒಂದು ಕಡೆ ಇದ್ದೇ ಇತ್ತು.

ಕಲ್ಲುಪುಡಿ, ದಾವಣಗೆರೆ:

ಚೆನ್ನಾಗಿ ಹೇಳಿದೆಯಪ್ಪಾ. ಸವೆದು ಮಾಯವಾದ ಬೆಟ್ಟವನ್ನೂ ಅದು ಬಿಟ್ಟುಹೋದ ಮರಳಿನಲ್ಲಿ ಓದಬಹುದು. ನನಗೆ ಕಾಳು ಆರಿಸುವಾಗ ಬೇಸರ ಬರದೇ ಇದ್ದದ್ದು ಇದರಿಂದಲೇ.

ದುರ್ಗದ ಮೇಷ್ಟ್ರು:

ಎಲ್ಲರಿಗೂ ತುಂಬಾ ಧನ್ಯವಾದ. ಸೋಮವಾರದ ಕಥೆ ಹೇಳುತ್ತೇನೆ.

ಮೇಡಂ ಹೇಳಿದ ಬೆಲ್ಲದ ಪಾಕವನ್ನು ಮಾಡಿಯೇ ಬಿಟ್ಟೆವು. ಬಿಸಿಯೂಟದ ಅಡುಗೆಯಮ್ಮ ಎರಡು ಅಚ್ಚು ಬೆಲ್ಲ ಕಾಯಿಸಿ, ಗಟ್ಟಿ ಪಾಕ ಮಾಡಿ ತಟ್ಟೆಗೆ ಸುರಿದುಕೊಟ್ಟರು. ಮಕ್ಕಳು ಸರದಿಯಲ್ಲಿ ಬಂದು ಅರ್ಧ ನಿಮಿಷಕ್ಕೊಂದು ಗೆರೆ ಎಳೆದರು. ಎಲ್ಲರ ಹೆಸರಿನ ಮುಂದೆ ಸಮಯ ಬರೆದುಕೊಂಡೆವು. ಮೊದಲ ಹತ್ತು ಹನ್ನೆರಡು ಜನರ ಗೆರೆ ಗುರುತೇ ಇಲ್ಲ. ಆಮೇಲಿನ ಏಳೆಂಟು ಜನರದ್ದು ಅರ್ಧ ಮುಚ್ಚಿಕೊಂಡು ಗಿಡ್ಡವಾಗಿ ಉಳಿದಿತ್ತು. ಕೊನೆಯವರದ್ದು ಮಾತ್ರ ಹಾಗೇ ಇತ್ತು. "ನನ್ನ ಗೆರೆ ಎಲ್ಲಿ ಸಾರ್" ಅಂತ ಮುಂದಿನ ಬೆಂಚಿನವರೆಲ್ಲಾ ಗಲಾಟೆ. ಉಳಿದ ಗೆರೆ ಎಣಿಸಿ, ಪಾಕ ಯಾವಾಗ ಆರಿತು ಅಂತ ಅವರೇ ಲೆಕ್ಕ ಹಾಕಿದರು. ನಾನು ಏನೂ ಹೇಳಬೇಕಾಗಲಿಲ್ಲ.

ಬೋರ್ಡ್ ಮೇಲೆ ಮೂರು ಸಾಲು ಬರೆದೆ. ಕಲ್ಲು ಹುಟ್ಟಿದ್ದು ಒಂದು ಕಾಲ, ತಣಿದು ಮೇಲಕ್ಕೆ ಬಂದದ್ದು ಒಂದು ಕಾಲ, ಸುತ್ತಲಿನದು ಇಳಿದು ಬೆಟ್ಟವಾಗಿ ಕಂಡದ್ದು ಇನ್ನೊಂದು ಕಾಲ.

ಅದೇ ಹುಡುಗಿ ಮತ್ತೆ ಕೈ ಎತ್ತಿದಳು. "ಸಾರ್, ಮೇಲಿದ್ದ ಅಷ್ಟು ಕಲ್ಲು ಈಗ ಎಲ್ಲಿದೆ?" ಮೇಡಂ, ಇದಕ್ಕೂ ನೀವೇ ಹೇಳಿ.

ಕಲ್ಲುಪುಡಿ, ದಾವಣಗೆರೆ:

ಮ್ಯಾಪ್ ತೆಗೆದು ಅವಳ ಕೈಯಲ್ಲೇ ಬೆರಳು ಓಡಿಸಿ ಮೇಷ್ಟ್ರೇ. ದುರ್ಗದ ಸೀಮೆಯ ನೀರು ವೇದಾವತಿಗೆ. ವೇದಾವತಿಯೇ ಮುಂದೆ ಹಗರಿಯಾಗಿ ತುಂಗಭದ್ರೆಗೆ, ತುಂಗಭದ್ರೆ ಕೃಷ್ಣೆಗೆ, ಕೃಷ್ಣೆ ಬಂಗಾಳ ಕೊಲ್ಲಿಗೆ. ಕೃಷ್ಣಾ-ಗೋದಾವರಿ ಮುಖದ ಹತ್ತಿರ ಸಮುದ್ರದ ತಳದಲ್ಲಿ ಕಿಲೋಮೀಟರ್‌ಗಟ್ಟಲೆ ದಪ್ಪದ ಹೂಳು ಕೂತಿದೆ. ನಮ್ಮ ಕಡೆಯ ಕಲ್ಲಿನ ಪುಡಿಯೂ ಅದರಲ್ಲಿದೆ.

ಆದರೆ ಎಲ್ಲವೂ ಅಲ್ಲಿಲ್ಲ. ಭಾರತದ ಪೂರ್ವದ ಅಂಚು ಅಂಟಾರ್ಕ್ಟಿಕಾದಿಂದ ಬಿಡಿಸಿಕೊಂಡದ್ದು ಸುಮಾರು 13 ಕೋಟಿ ವರ್ಷದ ಹಿಂದೆ. ಅದಕ್ಕೂ ಮೊದಲು ಬಂಗಾಳ ಕೊಲ್ಲಿಯೇ ಇರಲಿಲ್ಲ. ಆಗ ಸವೆದದ್ದು ಆಗಿನ ಹೊಳೆಗಳಲ್ಲಿ, ಆಗಿನ ತಗ್ಗುಗಳಿಗೆ ಹೋಗಿದೆ. ವಾಣಿ ವಿಲಾಸ ಸಾಗರದ ಅಂಗಳದಲ್ಲಿ ನೀರು ಇಳಿದಾಗ ಒಂದು ಹಿಡಿ ಮರಳು ತಂದು, ಭೂತಗನ್ನಡಿಯಲ್ಲಿ ತೋರಿಸಿ. ಹೊಳೆಯುವ ಅಭ್ರಕ, ಗಾಜಿನಂಥ ಸ್ಫಟಿಕ, ಗುಲಾಬಿ ಫೆಲ್ಡ್‌ಸ್ಪಾರ್ ಸಿಗುತ್ತವೆ. ಇಲ್ಲಿಂದ ಹೊರಟು ಇನ್ನೂ ಸಮುದ್ರ ಮುಟ್ಟದ ಕಲ್ಲು ಅದು.